ಎಲೆಯ ಕಷಾಯ, ಬೆಳ್ಳಿಯ ಕಣ, ನೊಯ್ಯಲ್ ನೀರು



ಕೊಯಮತ್ತೂರು, ತಿರುಪ್ಪೂರು ಎಂದ ಕೂಡಲೇ ನೆನಪಾಗುವುದು ಹತ್ತಿ, ನೂಲು, ಬನಿಯನ್ನು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಅಲ್ಲಿ ನೂಲಿನ ಗಿರಣಿ ಶುರು ಮಾಡಿದರು. 1930ರ ದಶಕದಲ್ಲಿ ಪೈಕಾರಾದ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳ ಸಾಲೇ ಎದ್ದಿತು. ಇವತ್ತು ನಾನು ಹೇಳಹೊರಟಿರುವುದು ಅದೇ ಸೀಮೆಯ ಕಾಲೇಜು, ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಇನ್ನೊಂದು ಕೆಲಸದ ವಿಚಾರ. ಬೇವು, ತುಳಸಿ, ಆಡುಸೋಗೆ, ನೆಲನೆಲ್ಲಿ, ಹೀಗೆ ಕೈಗೆ ಸಿಕ್ಕುವ ಗಿಡಗಳ ಎಲೆ ಕುದಿಸಿ, ಆ ಕಷಾಯದಿಂದಲೇ ಬೆಳ್ಳಿಯ ನ್ಯಾನೋಕಣ ತಯಾರಿಸುವ ಕೆಲಸ. ಇದನ್ನು ‘ಹಸಿರು ವಿಧಾನ’ ಎಂದು ಕರೆಯುತ್ತಾರೆ. ರಸಾಯನಶಾಸ್ತ್ರ ಪಾಠ ಹೇಳಿದವನಾಗಿ ನನಗೆ ಈ ವಿಧಾನ ಬಹಳ ಇಷ್ಟ. ಇಷ್ಟವಾದ್ದರಿಂದಲೇ ಅದರ ಲೆಕ್ಕಪತ್ರವನ್ನು ಕೊನೆಯವರೆಗೂ ನೋಡಬೇಕು ಅನ್ನಿಸುತ್ತದೆ.

ಮೊದಲು ಪ್ರಯೋಗ ಹೇಗೆ ನಡೆಯುತ್ತದೆ ಎಂದು ನೋಡೋಣ. ಹತ್ತು ಗ್ರಾಂ ಬೇವಿನ ಎಲೆಯನ್ನು ಧೂಳು ಹೋಗುವ ಹಾಗೆ ತೊಳೆದು, ಸಣ್ಣಗೆ ಹೆಚ್ಚಿ, ನೂರು ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿ ಸೋಸುತ್ತಾರೆ. ತಿಳಿ ಹಳದಿ ಬಣ್ಣದ ಕಷಾಯ ಸಿಗುತ್ತದೆ. ಇನ್ನೊಂದು ಪಾತ್ರೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣ. ಒಂದು ಲೀಟರ್ ನೀರಿಗೆ 170 ಮಿಲಿಗ್ರಾಂ ಅಷ್ಟೇ, ನೋಡಲು ಬರೀ ನೀರು. ಒಂಬತ್ತು ಪಾಲು ದ್ರಾವಣಕ್ಕೆ ಒಂದು ಪಾಲು ಕಷಾಯ ಸೇರಿಸಿ ಇಟ್ಟರೆ ಮೊದಲು ಏನೂ ಆಗಿಲ್ಲ ಅನ್ನಿಸುತ್ತದೆ. ಆಮೇಲೆ ಹಳದಿ ಗಟ್ಟಿಯಾಗುತ್ತದೆ, ಜೇನಿನ ಬಣ್ಣಕ್ಕೆ ಬರುತ್ತದೆ, ಕೊನೆಗೆ ಕಡುಗಂದು. ಕೆಲವು ಎಲೆಗಳಿಗೆ ಅರ್ಧ ಗಂಟೆ ಸಾಕು, ಕೆಲವಕ್ಕೆ ಇಡೀ ರಾತ್ರಿ ಬೇಕು. ಕೈಗವಸು ಹಾಕದ ಹುಡುಗರ ಬೆರಳ ತುದಿಯಲ್ಲಿ ಮರುದಿನ ಕಪ್ಪು ಕಲೆ ಎದ್ದಿರುತ್ತದೆ, ಏಕೆಂದರೆ ಚರ್ಮದ ಮೇಲೂ ಬೆಳ್ಳಿ ಹಾಗೆಯೇ ಕೂರುತ್ತದೆ.

ಆ ಕಂದು ಬಣ್ಣವೇ ಬೆಳ್ಳಿ. ನಾವು ಕಂಡ ಬೆಳ್ಳಿ ಬಿಳಿ, ಹೊಳಪು. ಆದರೆ ಹತ್ತಿಪ್ಪತ್ತು ನ್ಯಾನೋಮೀಟರಿನಷ್ಟು ಸಣ್ಣದಾದಾಗ, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿ ಅದರಲ್ಲಿ ಹತ್ತಿಪ್ಪತ್ತು ಭಾಗದಷ್ಟಾದಾಗ, ಅದರ ಎಲೆಕ್ಟ್ರಾನುಗಳೆಲ್ಲ ಬೆಳಕಿನ ಅಲೆಗೆ ಒಟ್ಟಾಗಿ ತೂಗತೊಡಗುತ್ತವೆ. ಸುಮಾರು 420 ನ್ಯಾನೋಮೀಟರ್ ಅಲೆಯುದ್ದದ ನೇರಳೆ ಬೆಳಕನ್ನು ಅದು ನುಂಗಿಬಿಡುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ, ಕಣ ಹೆಚ್ಚಿದಂತೆ ಕಂದಾಗಿ ಕಾಣುತ್ತದೆ. ಚಿನ್ನವಾದರೆ ಮಾಣಿಕ್ಯದ ಕೆಂಪು. 1857ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಇಂಥ ಕೆಂಪು ದ್ರವ ಮಾಡಿ, ಬಣ್ಣಕ್ಕೆ ಕಾರಣ ಕಣಗಳ ಸಣ್ಣತನವೇ ಎಂದು ಕಂಡುಕೊಂಡಿದ್ದರು.

ಸಣ್ಣದಾದರೆ ಏನು ಲಾಭ? ಆ ಒಂದು ಲೀಟರ್ ದ್ರಾವಣದಲ್ಲಿರುವ ಬೆಳ್ಳಿ 108 ಮಿಲಿಗ್ರಾಂ. ಒಂದೇ ತುಣುಕಾಗಿದ್ದರೆ ಅದು ಅಕ್ಕಿಕಾಳಿಗಿಂತ ಚಿಕ್ಕದು, ಅದರ ಮೈ ಒಂದು ಚದರ ಸೆಂಟಿಮೀಟರಿನ ಮೂರನೆಯ ಒಂದು ಪಾಲೂ ಇಲ್ಲ. ಅದನ್ನೇ 20 ನ್ಯಾನೋಮೀಟರ್ ಗುಂಡುಗಳಾಗಿ ಒಡೆದರೆ ಒಟ್ಟು ಮೈ ಮೂರು ಚದರ ಮೀಟರ್, ಅರ್ಧ ಸೀರೆಯಷ್ಟು ಹರವು. ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಮುಖ್ಯವಾಗಿ ತನ್ನ ಮೈಯಿಂದ ಬಿಡುಗಡೆಯಾಗುವ ಅಯಾನುಗಳ ಮೂಲಕ. ಅವು ಬ್ಯಾಕ್ಟೀರಿಯಾದ ಪೊರೆಗೆ, ಅದರ ಕಿಣ್ವಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಮೈ ಹೆಚ್ಚಿದಷ್ಟೂ ಅಯಾನು ಹೆಚ್ಚು. ಚಿಟಿಕೆ ಬೆಳ್ಳಿಯಲ್ಲಿ ಮಾರುಗಟ್ಟಲೆ ಬಟ್ಟೆಗೆ ರಕ್ಷಣೆ ಕೊಡಬಹುದು ಎಂಬ ಆಸೆ ಹುಟ್ಟುವುದು ಇಲ್ಲಿಂದಲೇ.

ಎಲೆ ಇಲ್ಲಿ ಮಾಡುವ ಕೆಲಸ ಎರಡು. ನೀರಿನಲ್ಲಿ ಕರಗಿರುವ ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಮತ್ತೆ ಲೋಹವಾಗಿಸುವುದು ಒಂದು. ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಮೇಲೊಂದು ಹೊದಿಕೆ ಹೊದಿಸುವುದು ಇನ್ನೊಂದು. ಎಲೆಯ ಒಗರಿಗೆ ಕಾರಣವಾದ ಪಾಲಿಫಿನಾಲುಗಳು, ಫ್ಲೇವನಾಯ್ಡುಗಳು, ಸಕ್ಕರೆಗಳು, ಪ್ರೋಟೀನುಗಳು ಸೇರಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಮುಗಿಸಿಬಿಡುತ್ತವೆ. ಒಗರಿಗೂ ಲೋಹಕ್ಕೂ ನಂಟು ಹೊಸದಲ್ಲ. ಅಳಲೆಕಾಯಿಯ ಒಗರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ಬೆರೆಸಿ ಕರಿಮಸಿ ಮಾಡುತ್ತಿದ್ದರು. ಬಟ್ಟೆಗೆ ಕಪ್ಪು ಹಾಕುವವರೂ ಅದನ್ನೇ ನಂಬಿದ್ದರು. ಅಲ್ಲಿ ಕಬ್ಬಿಣ ಒಗರಿನ ಜೊತೆ ಕೂಡಿಕೊಂಡು ಕಪ್ಪು ಸಂಯುಕ್ತವಾಗುತ್ತದೆ, ಲೋಹವಾಗುವುದಿಲ್ಲ. ಇಲ್ಲಿ ಬೆಳ್ಳಿ ಲೋಹವಾಗಿಯೇ ಕೂರುತ್ತದೆ. ವ್ಯತ್ಯಾಸ ಅಷ್ಟೇ.

ಸಸ್ಯಗಳಿಂದ ನ್ಯಾನೋಕಣ ಎಂಬ ಸಂಶೋಧನೆ ಬೆಳಕಿಗೆ ಬಂದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಅಮೆರಿಕದ ಎಲ್ ಪಾಸೋದಲ್ಲಿ ಗಾರ್ಡಿಯಾ-ಟೊರೆಸ್‌ಡೇ ಅವರ ತಂಡ, ನಮ್ಮ ಹೈನುಗಾರರು ಕುದುರೆ ಮಸಾಲೆ ಎನ್ನುವ ಲೂಸರ್ನ್ ಮೇವಿನ ಗಿಡಕ್ಕೆ ಚಿನ್ನದ ಲವಣ ಉಣಿಸಿ, ಗಿಡದೊಳಗೇ ಚಿನ್ನದ ಕಣ ಹುಟ್ಟುವುದನ್ನು 2002ರಲ್ಲಿ ತೋರಿಸಿತು. ಮರುವರ್ಷ ಬೆಳ್ಳಿ. ಅದೇ ಹೊತ್ತಿಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ ಜೆರೇನಿಯಂ ಎಲೆಯ ಕಷಾಯ, 2004ರಲ್ಲಿ ಬೇವಿನ ಕಷಾಯ, ಹಾಗೆಯೇ ಮಜ್ಜಿಗೆಹುಲ್ಲಿನ ಕಷಾಯದಿಂದ ತ್ರಿಕೋನಾಕಾರದ ಚಿನ್ನದ ಹಲ್ಲೆಗಳು, ಹೀಗೆ ಒಂದರ ಹಿಂದೊಂದು ಪ್ರಕಟಿಸಿತು. ಜೀವಂತ ಗಿಡ ಬೇಕಿಲ್ಲ, ಕಷಾಯ ಸಾಕು ಎಂಬುದು ಸ್ಥಿರವಾದದ್ದು ಆಗ. ದುಬಾರಿ ಉಪಕರಣ ಇಲ್ಲದ ಊರಿನ ಕಾಲೇಜಿಗೂ ಇದರಿಂದ ಬಾಗಿಲು ತೆರೆಯಿತು. ಇದು ಸಣ್ಣ ವಿಷಯವಲ್ಲ.

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಹಳೆಯ ರಾಸಾಯನಿಕ ವಿಧಾನಗಳೆಲ್ಲ ವಿಷ, ಎಲೆಯ ವಿಧಾನ ಅಮೃತ ಎಂದು ಬರೆಯುವ ರೂಢಿಯಿದೆ. ಆ ವಿಧಾನಗಳಲ್ಲಿ ಬಳಸುವ ಹೈಡ್ರಜೀನ್ ವಿಷವೇ ಸರಿ, ಸೋಡಿಯಂ ಬೋರೋಹೈಡ್ರೈಡೂ ಎಚ್ಚರಿಕೆಯಿಂದ ಬಳಸಬೇಕಾದ ವಸ್ತು. ಆದರೆ 1951ರಲ್ಲಿ ಟರ್ಕೆವಿಚ್ ಚಿನ್ನದ ಕಣ ಮಾಡಿದ್ದು ಸಿಟ್ರೇಟಿನಿಂದ, ಅದು ನಿಂಬೆಹುಳಿಯ ಲವಣ. ಅದಕ್ಕೆ ಹೋಲಿಸಿದರೆ ಎಲೆಯ ಕಷಾಯಕ್ಕೆ ಸುರಕ್ಷತೆಯ ವಿಷಯದಲ್ಲಿ ದೊಡ್ಡ ಮೇಲುಗೈ ಏನೂ ಇಲ್ಲ. ಎಲೆಯ ನಿಜವಾದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದು ನಮ್ಮ ಹೊಲ, ಬೇಲಿ, ತೋಟದ ಕಸದಿಂದ ಬರಬಲ್ಲದು. ಕಣಕ್ಕೆ ತೊಡಿಸುವ ಹೊದಿಕೆಗೆ ಬೇರೆ ರಾಸಾಯನಿಕ ಕೊಳ್ಳಬೇಕಾಗಿಲ್ಲ.

ಕೊಯಮತ್ತೂರಿಗೆ ಬರೋಣ. ಮರುದಮಲೈ ಬೆಟ್ಟದ ತಪ್ಪಲಲ್ಲಿರುವ ಭಾರತಿಯಾರ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಕೆ. ಮುರುಗನ್ ಮತ್ತು ಅವರ ವಿದ್ಯಾರ್ಥಿಗಳು ಈ ಕಣಗಳನ್ನು ಸೊಳ್ಳೆಯ ಮೇಲೆ ಪ್ರಯೋಗಿಸಿದರು. ದಾರಿಬದಿಯಲ್ಲಿ, ಕಲ್ಲುಹಾಸಿನ ಸಂದಿಯಲ್ಲಿ ಹಬ್ಬುವ, ಮುರಿದರೆ ಬಿಳಿ ಹಾಲು ಒಸರುವ, ರೋಮವಿರುವ ಸಣ್ಣ ಗಿಡವೊಂದಿದೆ. ನಾವು ಅಚ್ಚೆಗಿಡ ಎನ್ನುತ್ತೇವೆ, ತಮಿಳರು ಅಮ್ಮಾನ್ ಪಚ್ಚರಿಸಿ ಎನ್ನುತ್ತಾರೆ. ಅದರ ಎಲೆಯಿಂದ ಮಾಡಿದ ಬೆಳ್ಳಿಯ ಕಣಗಳು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮರಿಹುಳುವನ್ನೂ ಕೋಶಾವಸ್ಥೆಯ ಹುಳುವನ್ನೂ ಕೊಲ್ಲುತ್ತವೆ ಎಂದು ಅವರ ತಂಡ 2012ರಲ್ಲಿ ಪ್ರಕಟಿಸಿತು. ಅನಾಫಿಲಿಸ್ ಸ್ಟೀಫೆನ್ಸಿ ಊರಿನ ಸೊಳ್ಳೆ. ಮನೆಯ ಮೇಲಿನ ತೊಟ್ಟಿ, ಮುಚ್ಚಳವಿಲ್ಲದ ಬಾವಿಯ ಶುದ್ಧ ನೀರೇ ಅದಕ್ಕೆ ತೊಟ್ಟಿಲು. ಹಾಗಾಗಿ ನಗರದ ಜನರಿಗೆ ಇದು ದೂರದ ಸಂಗತಿಯಲ್ಲ.

ಈ ತಂಡದ ಕೆಲಸದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು 2015ರ ಇನ್ನೊಂದು ಪ್ರಬಂಧ. ಕೊಳದ ನೀರಿನಲ್ಲಿ ಸೊಳ್ಳೆಯ ಮರಿಯೊಂದೇ ಇರುವುದಿಲ್ಲ, ಅದನ್ನು ತಿನ್ನುವ ಜೀವಿಗಳೂ ಇರುತ್ತವೆ. ಅಂಥ ಒಂದು ಕಠಿಣಚರ್ಮಿ ಮೆಸೋಸೈಕ್ಲಾಪ್ಸ್, ಕಣ್ಣಿಗೆ ಚುಕ್ಕೆಯಂತೆ ಕಾಣುವಷ್ಟು ಪುಟ್ಟದು, ಆದರೆ ಎಳೆಯ ಮರಿಹುಳುಗಳನ್ನು ಹಿಡಿದು ತಿನ್ನುತ್ತದೆ. ಮಜ್ಜಿಗೆಹುಲ್ಲಿನಿಂದ ಮಾಡಿದ ಚಿನ್ನದ ಕಣಗಳನ್ನು ಬಹಳ ಕಡಿಮೆ ಪ್ರಮಾಣದಲ್ಲಿ ನೀರಿಗೆ ಸೇರಿಸಿದರೆ ಈ ಬೇಟೆಗಾರನಿಗೆ ಏನಾಗುತ್ತದೆ ಎಂದು ಅವರು ನೋಡಿದರು. ಬೇಟೆ ಕಡಿಮೆಯಾಗಲಿಲ್ಲ, ಇನ್ನೂ ಚುರುಕಾಯಿತು. ಕೊಲ್ಲುವ ಶಕ್ತಿಯನ್ನು ಮಾತ್ರ ಅಳೆದು ಕೈತೊಳೆದುಕೊಳ್ಳದೆ, ಅದೇ ನೀರಿನಲ್ಲಿ ಬದುಕುವ ನೆರೆಹೊರೆಯವರ ಯೋಗಕ್ಷೇಮವನ್ನೂ ಕೇಳಿದ ಕೆಲಸ ಅದು. ಹಸಿರು ಎಂಬ ಮಾತಿಗೆ ತೂಕ ಬರುವುದು ಇಂಥ ಕಡೆ.

ಇನ್ನು ಬಟ್ಟೆ. ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಆಡುವ ದೇವಾಂಗ ನೇಕಾರ ಮನೆತನಗಳು ಎಷ್ಟೋ ಇವೆ. ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುತ್ತ ಮಗ್ಗ ಹಿಡಿದ ಜನ. ಹಾಗಾಗಿ ಆ ಊರಿನ ಬಟ್ಟೆಯ ಸುದ್ದಿ ಕನ್ನಡಿಗರಿಗೆ ಪರವೂರಿನ ಸುದ್ದಿಯಲ್ಲ. ಅಲ್ಲಿ 1956ರಿಂದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಸ್ಥೆ ಇದೆ, ಎಲ್ಲರ ಬಾಯಲ್ಲಿ ‘ಸಿಟ್ರಾ’. ವೈದ್ಯಕೀಯ ಜವಳಿಗೆ ಅದು ವಿಶೇಷ ಕೇಂದ್ರ. 2020ರಲ್ಲಿ ಕೋವಿಡ್ ಬಂದಾಗ ದೇಶದಲ್ಲಿ ತಯಾರಾದ ಪಿಪಿಇ ಕವಚಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಹೊಣೆ ಮೊದಲು ಬಿದ್ದದ್ದು ಇದರ ಹೆಗಲಿಗೆ. ಗಾಯದ ಪಟ್ಟಿ, ಆಸ್ಪತ್ರೆಯ ಹಾಸುಬಟ್ಟೆ, ಬೆವರಿನ ವಾಸನೆ ತಡೆಯುವ ಬನಿಯನ್ನು, ಕಾಲುಚೀಲ, ಇವುಗಳಲ್ಲೆಲ್ಲ ಬೆಳ್ಳಿಯ ಕಣಕ್ಕೆ ಬೇಡಿಕೆಯಿದೆ. ತಯಾರಿಕೆಯೂ ಸರಳ. ನೇಯ್ದು, ಬಣ್ಣ ಹಾಕಿದ ಬಟ್ಟೆಯನ್ನು ಕಣಗಳಿರುವ ತೊಟ್ಟಿಯಲ್ಲಿ ಮುಳುಗಿಸಿ, ಎರಡು ರಬ್ಬರ್ ಉರುಳೆಗಳ ನಡುವೆ ಹಿಂಡಿ, ಒಣಗಿಸಿ, ಬಿಸಿಗಾಳಿಯಲ್ಲಿ ಕಾಯಿಸುತ್ತಾರೆ. ಯಂತ್ರಗಳು ತಿರುಪ್ಪೂರಿನ ಫಿನಿಶಿಂಗ್ ಘಟಕಗಳಲ್ಲಿ ಈಗಾಗಲೇ ಇವೆ.

ಯಂತ್ರ ಇದೆ, ಎಲೆ ಇದೆ, ಕಲಿತ ಹುಡುಗ ಹುಡುಗಿಯರಿದ್ದಾರೆ. ಹಾಗಾದರೆ ತಡವೇಕೆ ಎಂದು ಕೇಳಬಹುದು. ಉತ್ತರ ನೊಯ್ಯಲ್ ನದಿಯಲ್ಲಿದೆ.

ನೊಯ್ಯಲ್ ಹುಟ್ಟುವುದು ವೆಳ್ಳಿಯಂಗಿರಿ ಬೆಟ್ಟದಲ್ಲಿ. ಪೇರೂರಿನ ದೇವಾಲಯದ ಪಕ್ಕ ಹಾದು, ಕೊಯಮತ್ತೂರು, ತಿರುಪ್ಪೂರು ದಾಟಿ, ಸುಮಾರು 180 ಕಿಲೋಮೀಟರ್ ಹರಿದು ಕಾವೇರಿ ಸೇರುತ್ತದೆ, ಕೊಡಗಿನಲ್ಲಿ ಹುಟ್ಟಿ ಬಂದ ನಮ್ಮ ಕಾವೇರಿಯನ್ನೇ. ಹತ್ತಿಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ತೊಟ್ಟಿಗೆ ಬಹಳ ಉಪ್ಪು ಸುರಿಯಬೇಕು. ಬಣ್ಣ ಬಟ್ಟೆಗೆ ಹತ್ತಿದ ಮೇಲೂ ಉಪ್ಪು ಪೂರ್ತಿ ನೀರಿನಲ್ಲೇ ಉಳಿಯುತ್ತದೆ. ಆ ನೀರೆಲ್ಲ ವರ್ಷಗಟ್ಟಲೆ ನದಿಗೆ ಹೋಯಿತು. ನೀರಾವರಿಗೆಂದು 1992ರ ಹೊತ್ತಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಕೆರೆಯಾಯಿತು. ಅಣೆಯ ನೀರಿಗೆ ಕಾಯಬೇಕಾದ ರೈತರೇ ನೀರು ಬಿಡಬೇಡಿ ಎನ್ನುವ ಸ್ಥಿತಿ ಬಂತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು, ಒಂದು ಹನಿ ತ್ಯಾಜ್ಯವನ್ನೂ ಹೊರಗೆ ಬಿಡದ ವ್ಯವಸ್ಥೆ ಆಗುವ ತನಕ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. ಏಳುನೂರಕ್ಕೂ ಹೆಚ್ಚು ಘಟಕಗಳು ನಿಂತವು. ಈಗ ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕಗಳಲ್ಲಿ ನೀರನ್ನು ಪೊರೆಗಳ ಮೂಲಕ ಹಾಯಿಸಿ, ಉಳಿದ ಉಪ್ಪುನೀರನ್ನು ಭಟ್ಟಿಯಲ್ಲಿ ಬತ್ತಿಸಿ, ನೀರನ್ನೂ ಉಪ್ಪನ್ನೂ ಮತ್ತೆ ಬಳಸುತ್ತಾರೆ. ಖರ್ಚು ಭಾರೀ, ಆದರೆ ಮಾಡುತ್ತಿದ್ದಾರೆ.

ಉಪ್ಪಿನಿಂದ ಇಷ್ಟು ಪಾಠ ಕಲಿತ ಊರಿಗೆ ಬೆಳ್ಳಿ ತರುವಾಗ ಮೊದಲೇ ಕೇಳಬೇಕಾದ ಪ್ರಶ್ನೆ ಇದು: ಆ ಬೆಳ್ಳಿ ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ? ಎಲೆಯಿಂದ ಮಾಡಿದ ಬೆಳ್ಳಿಯೂ ಬೆಳ್ಳಿಯೇ. ಬ್ಯಾಕ್ಟೀರಿಯಾಕ್ಕೆ ಅದು ಬೇವಿನಿಂದ ಬಂತೋ ಬೋರೋಹೈಡ್ರೈಡಿನಿಂದ ಬಂತೋ ಗೊತ್ತಾಗುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ಬೆನ್ ಮತ್ತು ವೆಸ್ಟರ್‌ಹಾಫ್ ಎಂಬ ಸಂಶೋಧಕರು 2008ರಲ್ಲಿ ಮಾರುಕಟ್ಟೆಯಿಂದ ಬೆಳ್ಳಿಯ ಕಾಲುಚೀಲಗಳನ್ನು ಆರು ಬಗೆ ಕೊಂಡು ಬರೀ ನೀರಿನಲ್ಲಿ ತೊಳೆದು ನೋಡಿದರು. ಕೆಲವು ಕಾಲುಚೀಲಗಳ ಬೆಳ್ಳಿ ನಾಲ್ಕಾರು ತೊಳೆತಕ್ಕೇ ಹೆಚ್ಚುಕಡಿಮೆ ಪೂರ್ತಿ ನೀರು ಪಾಲಾಯಿತು. ಕೆಲವು ಬಗೆಗಳಿಂದ ನೂರರಲ್ಲಿ ಒಂದು ಪಾಲೂ ಬಿಡಲಿಲ್ಲ. ಎಲ್ಲವೂ ಬೆಳ್ಳಿಯ ಕಾಲುಚೀಲಗಳೇ. ವ್ಯತ್ಯಾಸ ಇದ್ದದ್ದು ಬೆಳ್ಳಿಯನ್ನು ನೂಲಿಗೆ ಹೇಗೆ ಹಿಡಿಸಿದ್ದಾರೆ ಎಂಬಲ್ಲಿ. ಸುಮ್ಮನೆ ಅದ್ದಿ ಒಣಗಿಸಿದ್ದು ಹೋಗುತ್ತದೆ, ನೂಲಿನೊಳಗೆ ಸೇರಿಸಿದ್ದೋ ಗಟ್ಟಿಯಾಗಿ ಬಂಧಿಸಿದ್ದೋ ನಿಲ್ಲುತ್ತದೆ.

ಹೋದ ಬೆಳ್ಳಿ ಚರಂಡಿಯಲ್ಲಿ ಗಂಧಕದ ಜೊತೆ ಕೂಡಿ ಸಿಲ್ವರ್ ಸಲ್ಫೈಡ್ ಆಗಿ ಕೆಸರಿನಲ್ಲಿ ಕೂರುತ್ತದೆ. ಅದು ಬಹಳ ಕಡಿಮೆ ಕರಗುವ ವಸ್ತು, ಸಮಾಧಾನದ ಸಂಗತಿಯೇ. ಆದರೆ ಅದಕ್ಕೆ ಮುನ್ನ, ಶುದ್ಧೀಕರಣ ಘಟಕದಲ್ಲಿ ಕೊಳೆಯನ್ನು ತಿಂದು ನಮಗೆ ಉಪಕಾರ ಮಾಡುವ ಬ್ಯಾಕ್ಟೀರಿಯಾಗಳಿಗೆ, ಅದರಲ್ಲೂ ಅಮೋನಿಯಾವನ್ನು ನೈಟ್ರೇಟ್ ಮಾಡುವಂಥವಕ್ಕೆ, ಬೆಳ್ಳಿಯಿಂದ ಪೆಟ್ಟು ಬೀಳುತ್ತದೆ. ನೀರಿನ ಚಿಗಟ ಎಂದು ಕರೆಸಿಕೊಳ್ಳುವ ಪುಟ್ಟ ಜೀವಿ ಡ್ಯಾಫ್ನಿಯಾಕ್ಕೆ ಬೆಳ್ಳಿಯ ಪೆಟ್ಟು ಇನ್ನೂ ಬೇಗ ತಾಗುತ್ತದೆ. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕದ ಮಿತಿ ಲೀಟರಿಗೆ 0.1 ಮಿಲಿಗ್ರಾಂ ಬೆಳ್ಳಿ. ಪ್ರಯೋಗದ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿದ್ದದ್ದು ಲೀಟರಿಗೆ 108 ಮಿಲಿಗ್ರಾಂ ಎಂಬುದನ್ನು ನೆನಪಿಟ್ಟುಕೊಂಡರೆ, ಸಿಂಕಿಗೆ ಚೆಲ್ಲಿದ ಒಂದು ಬೀಕರು ಎಷ್ಟು ನೀರನ್ನು ಕೆಡಿಸಬಲ್ಲದೆಂಬ ಅಂದಾಜು ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಹಸಿರು ಎಲೆಯ ಚಿತ್ರ ಹಾಕುವ ಮುಂಚೆ, ಇಪ್ಪತ್ತು ತೊಳೆತದ ನಂತರ ಬಟ್ಟೆಯಲ್ಲಿ ಎಷ್ಟು ಬೆಳ್ಳಿ ಉಳಿಯಿತು ಎಂದು ಅಳೆದು ಬರೆಯಬೇಕು. ಅಳೆಯುವ ಸಾಧನವೂ ಜನರೂ ಕೊಯಮತ್ತೂರಿನಲ್ಲೇ ಇದ್ದಾರೆ.

ಇನ್ನೊಂದು ತೊಡಕು ಎಲೆಯದ್ದೇ. ಚೈತ್ರದ ಚಿಗುರು ಬೇವಿನಲ್ಲಿರುವ ಒಗರೂ ಕಾರ್ತಿಕದ ಬಲಿತ ಎಲೆಯ ಒಗರೂ ಒಂದಲ್ಲ. ಕೆಂಪು ಮಣ್ಣಿನ ಗಿಡ, ಎರೆಮಣ್ಣಿನ ಗಿಡ ಬೇರೆ ಬೇರೆ. ಒಂದು ತಂಡಕ್ಕೆ 20 ನ್ಯಾನೋಮೀಟರ್ ಬಂದ ಕಣ ಇನ್ನೊಂದು ತಂಡಕ್ಕೆ 60 ಬಂದರೆ ಅಚ್ಚರಿಯಿಲ್ಲ. ಕಾಲೇಜಿನ ಪ್ರಬಂಧಕ್ಕೆ ಇದು ನಡೆಯುತ್ತದೆ, ಸಾವಿರಾರು ಮೀಟರ್ ಬಟ್ಟೆ ಮಾಡುವ ಘಟಕಕ್ಕೆ ನಡೆಯುವುದಿಲ್ಲ. ಇನ್ನೊಂದು ಗಿಡ, ಇನ್ನೊಂದು ಪ್ರಬಂಧ ಎಂದು ಸಾಲಾಗಿ ಬರೆಯುತ್ತ ಹೋಗುವುದಕ್ಕಿಂತ, ಒಂದೇ ಗಿಡವನ್ನು ಹಿಡಿದು ಹನ್ನೆರಡೂ ತಿಂಗಳು ಅದರ ಗುಣ ಬರೆದಿಡುವ ಕೆಲಸ ಈಗ ಆಗಬೇಕು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ನ್ಯಾನೋ ವಿಜ್ಞಾನಕ್ಕೆಂದೇ ವಿಭಾಗವಿದೆ, ಮಣ್ಣು ಬಲ್ಲವರೂ ಬೆಳೆ ಬಲ್ಲವರೂ ಅದೇ ಆವರಣದಲ್ಲಿದ್ದಾರೆ. ಯಾವ ತಳಿ, ಯಾವ ತಿಂಗಳ ಕೊಯ್ಲು, ಎಷ್ಟು ಒಣಗಿಸಬೇಕು, ಕಷಾಯದಲ್ಲಿ ಎಷ್ಟು ಪಾಲಿಫಿನಾಲ್ ಇರಬೇಕು ಎಂಬ ಪಟ್ಟಿ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ಗಿಡ ಆರಿಸುವಾಗ ಕಸವನ್ನೇ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ಔಷಧಿಯ ಗಿಡಗಳನ್ನು ಕಾಡಿನಿಂದ ಕಿತ್ತು ತಂದು ‘ಪರಿಸರಸ್ನೇಹಿ’ ಎನ್ನುವುದು ಸರಿಯಲ್ಲ. ಅದೇ ಸೀಮೆಯ ವಾಲ್ಪಾರೈಯಲ್ಲಿ ಚಹಾ ಗಿಡ ಕತ್ತರಿಸಿದಾಗ ಬೀಳುವ ಸೊಪ್ಪಿದೆ, ಬೇಲಿಗಳ ತುಂಬ ಲಂಟಾನ ಇದೆ, ಹೊಲದ ತುಂಬ ಪಾರ್ಥೇನಿಯಂ. ಎಲ್ಲಕ್ಕಿಂತ ನನ್ನ ಕಣ್ಣಿರುವುದು ಪೊಳ್ಳಾಚಿಯ ತೆಂಗಿನ ನಾರಿನ ಮೇಲೆ. ಹೊರದೇಶಕ್ಕೆ ಕಳಿಸುವ ನಾರಿನ ಪುಡಿಯನ್ನು ಉಪ್ಪು ಹೋಗುವಂತೆ ತೊಳೆದಾಗ ಚಹಾದ ಬಣ್ಣದ ಒಗರು ನೀರು ಹೊರಬರುತ್ತದೆ. ಅದನ್ನು ಎಲ್ಲಿ ಬಿಡುವುದೆಂಬುದೇ ಅಲ್ಲಿ ಒಂದು ತಲೆನೋವು. ತೆಂಗಿನ ನಾರಿನ ಸಾರದಿಂದ ಬೆಳ್ಳಿಯ ಕಣ ಮಾಡಿ ಸೊಳ್ಳೆಮರಿಯ ಮೇಲೆ ನೋಡಿದ ಪ್ರಬಂಧ 2013ರಲ್ಲೇ ವೆಲ್ಲೂರಿನಿಂದ ಬಂದಿದೆ. ನಾರು ತೊಳೆದ ಆ ನೀರಿನಲ್ಲಿ ಉಪ್ಪೂ ಇರುವುದರಿಂದ ಅದು ಬೆಳ್ಳಿಯನ್ನು ಕ್ಲೋರೈಡಾಗಿ ಹಿಡಿದುಬಿಡುತ್ತದೆ, ಹಾಗಾಗಿ ಮೊದಲು ಉಪ್ಪು ತೆಗೆಯುವ ದಾರಿ ಹುಡುಕಬೇಕು. ಕಷ್ಟದ ಕೆಲಸ, ಆದರೆ ಒಂದು ಒಳ್ಳೆಯ ಸಂಶೋಧನಾ ಪದವಿಗೆ ಬೇಕಾದಷ್ಟು ಸರಕು ಅದರಲ್ಲಿದೆ.

ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಕರ್ನಾಟಕದಲ್ಲೂ ಬಹಳ ಮಂದಿ ಇದ್ದಾರೆ, ಅವರಿಗಾಗಿ ಎರಡು ಮಾತು. ಕಣಗಳ ಪಕ್ಕದಲ್ಲಿ ಇನ್ನೆರಡು ಪಾತ್ರೆ ಇಡಿ, ಒಂದರಲ್ಲಿ ಬರೀ ಕಷಾಯ, ಇನ್ನೊಂದರಲ್ಲಿ ಅಷ್ಟೇ ಬೆಳ್ಳಿಯಿರುವ ಬರೀ ಸಿಲ್ವರ್ ನೈಟ್ರೇಟ್. ಬ್ಯಾಕ್ಟೀರಿಯಾ ಸತ್ತದ್ದು ಕಣದಿಂದಲೋ, ಕಣವಾಗದೆ ಉಳಿದ ಅಯಾನಿನಿಂದಲೋ, ಎಲೆಯಿಂದಲೋ ಎಂದು ಇವೆರಡಿಲ್ಲದೆ ಹೇಳಲು ಬರುವುದಿಲ್ಲ.

ಇನ್ನೊಂದು, ಕೆಲಸ ಮುಗಿದ ಮೇಲೆ ಪಾತ್ರೆ ತೊಳೆದ ನೀರು. ಅದನ್ನು ಸಿಂಕಿಗೆ ಸುರಿಯಬೇಡಿ. ಒಂದು ದೊಡ್ಡ ಬಾಟಲಿಯಲ್ಲಿ ಕೂಡಿಡಿ. ತಿಂಗಳಿಗೊಮ್ಮೆ ಅಧ್ಯಾಪಕರ ಎದುರಿನಲ್ಲಿ, ಹೊಗೆಗೂಡಿನೊಳಗೆ, ಸ್ವಲ್ಪ ನೈಟ್ರಿಕ್ ಆಮ್ಲ ಹಾಕಿ ಬಿಸಿಮಾಡಿದರೆ ಕಣಗಳೂ ಕರಗಿ ಅಯಾನುಗಳಾಗುತ್ತವೆ. ಆರಿದ ಮೇಲೆ ಅಡುಗೆ ಉಪ್ಪಿನ ನೀರು ಹಾಕಿ. ಮೊಸರಿನಂಥ ಬಿಳಿ ಗಷ್ಟು ಕೆಳಗೆ ಕೂರುತ್ತದೆ, ಅದು ಸಿಲ್ವರ್ ಕ್ಲೋರೈಡು. ಸೋಸಿ, ಒಣಗಿಸಿ, ಕಂದು ಗಾಜಿನ ಶೀಶೆಯಲ್ಲಿ ಇಡಿ, ಬೆಳಕು ತಾಗಿದರೆ ಕಪ್ಪಾಗುತ್ತದೆ. ಮೇಲಿನ ತಿಳಿಯ ಆಮ್ಲವನ್ನು ಸೋಡಾ ಹಾಕಿ ಸಮ ಮಾಡಿದ ಮೇಲೆಯೇ ಹೊರಗೆ ಬಿಡಿ. ಒಂದು ವರ್ಷದ ಗಷ್ಟಿನಿಂದ ಬೆಳ್ಳಿಯನ್ನು ಮರಳಿ ಪಡೆದು, ಮುಂದಿನ ತಂಡಕ್ಕೆ ಬೇಕಾದ ಸಿಲ್ವರ್ ನೈಟ್ರೇಟನ್ನು ನಿಮ್ಮ ಪ್ರಯೋಗಾಲಯದಲ್ಲೇ ಮಾಡಿಕೊಳ್ಳಬಹುದು.